ಯಜಮಾನಿ ಕಣ್ಣು

ಮೊಣಕೈ ಒಳಗೆ, ಸ್ಕೈಸ್ತೇ, ಮೊಣಕೈ ಒಳಗೆ —
ಎರಡು ಚಳಿಗಾಲ ಇದೊಂದೇ ಜಪ ನನ್ನದು,
ಕುಪಿಶ್ಕಿಸ್ ಊರಿನ ಶಾಲೆಯ ಒಳಾಂಗಣದಲ್ಲಿ,
ಚಾವಣಿ ಸೋರಿ ಮರದ ನೆಲ ಉಬ್ಬಿ
ಚೆಂಡು ಪುಟಿಯಲು ಸೋಮಾರಿಯಾಗುವ ಮೂಲೆಯಲ್ಲಿ.

ಹದಿನಾಲ್ಕು ವರ್ಷ. ಬಲಗೈ ಹುಡುಗಿ.
ಚಮಚಕ್ಕೆ ಬಲಗೈ, ಪೆನ್ನಿಗೆ ಬಲಗೈ,
ಬೀಟ್‌ರೂಟಿನ ತಲೆ ಕೊಚ್ಚುವ ಕತ್ತಿಗೂ ಅದೇ.
ಚೆಂಡು ಮಾತ್ರ ಎತ್ತಿದೊಡನೆ
ಹಣೆ ದಾಟಿ ಎಡಕ್ಕೆ ಜಾರುತ್ತಿತ್ತು,
ಬಾಗಿಲು ತಪ್ಪಿ ಪಕ್ಕದ ಮನೆಗೆ ನುಗ್ಗಿದ ನೆಂಟನ ಹಾಗೆ.

ಸೊಟ್ಟ, ಅಂದೆ. ಅಭ್ಯಾಸ ಸಾಲದು, ಅಂದೆ.
ಹೆಂಡತಿಯ ಹಳೇ ಶಾಲು ಹರಿದು
ಅವಳ ತೋಳಿಗೂ ಪಕ್ಕೆಗೂ ಉಣ್ಣೆಯ ಪಟ್ಟಿ ಬಿಗಿದೆ.
ನೂರು ಎಸೆತಕ್ಕೆ ಮೂವತ್ತೊಂದು, ಇಪ್ಪತ್ತೆಂಟು,
ಪಟ್ಟಿ ಕಟ್ಟಿದ ವಾರ ಹತ್ತೊಂಬತ್ತು.
ಪುಸ್ತಕದಲ್ಲಿದೆ. ನೀಲಿ ಶಾಯಿ, ನನ್ನದೇ ಅಕ್ಷರ.

ಒಮ್ಮೆ ಅವರ ಬೇಲಿಯಾಚೆಯಿಂದ ನೋಡಿದ್ದೆ.
ಹುಲ್ಲುಮನೆಯ ಗೋಡೆಗೆ ಅಪ್ಪ ಹೊಡೆದಿದ್ದ ಪೀಪಾಯಿಯ ಬಳೆ,
ಹಲಗೆಯಿಲ್ಲ, ಬಲೆಯಿಲ್ಲ,
ಹಿಮದಲ್ಲಿ ಅವಳೊಬ್ಬಳೇ, ಅದೇ ಸೊಟ್ಟ ಕೈ,
ಒಂದಾದ ಮೇಲೊಂದು ಒಳಗೆ.
ಕೋಳಿಗಳೂ ತಲೆ ಎತ್ತುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು ಅವಕ್ಕೆ.
ಪ್ರತ್ಯಕ್ಷ ಕಂಡರೂ ನಾನು ಪರಾಂಬರಿಸಲಿಲ್ಲ.
ಅದೃಷ್ಟ ಅಂದುಕೊಂಡು ಸೈಕಲ್ಲು ತುಳಿದೆ.

ಫೆಬ್ರವರಿಯಲ್ಲಿ ಕಣ್ಣಿನ ದಾದಿ ಗೆನೋವೈತೇ ಬಂದಳು,
ಬಗಲಲ್ಲಿ ಅಕ್ಷರದ ಹಲಗೆ, ಬೂಟಿನ ತುಂಬ ಹಿಮ.
ಎಲ್ಲರ ದೃಷ್ಟಿಯೂ ಸರಿ, ಅಂದಳು. ಚಹಾ ಕುಡಿದಳು.
ಕೋಟಿಗೆ ಗುಂಡಿ ಹಾಕುತ್ತ, ತಮಾಷೆಗೆಂಬಂತೆ:
‘ಎರಡೂ ಕೈ ಚಾಚು ಮಗಳೇ, ಅಂಗೈ ಜೋಡಿಸಿ
ನಾಣ್ಯದಷ್ಟು ಕಿಂಡಿ ಬಿಡು. ಅದರೊಳಗೆ ಆ ಬಳೆ ನೋಡು.
ಸಿಕ್ಕಿತಾ? ಈಗ ಎಡಗಣ್ಣು ಮುಚ್ಚು.’

‘ಬಳೆ ಹೋಯ್ತು.’
‘ಎಲ್ಲಿಗೆ?’
‘ಕೈ ಹಿಂದಕ್ಕೆ.’
‘ಬಲಗಣ್ಣು ಮುಚ್ಚು.’
‘ಬಂತು.’

ಅಷ್ಟೇ. ಕೈ ಬಲದ್ದು, ಯಜಮಾನಿಕೆ ಎಡಗಣ್ಣಿನದು.
ಮನೆಯೊಳಗೆ ಯಾರ ಮಾತು ನಡೆಯುತ್ತದೆಂದು
ಹೊಸ್ತಿಲಲ್ಲಿ ನಿಂತವನಿಗೇನು ಗೊತ್ತು?
ಮೊಣಕೈ ತಪ್ಪು ಮಾಡಿರಲಿಲ್ಲ,
ಕರೆದ ಕಡೆಗೆ ಹೋಗಿತ್ತು, ಪಾಪ,
ನಾನು ದಾರಿಯಲ್ಲಿ ಹಿಡಿದು ಕಟ್ಟಿಹಾಕಿದ್ದೆ.

ಆ ರಾತ್ರಿ ಅಡಿಗೆಮನೆಯಲ್ಲಿ ಕೈ ಚಾಚಿ ನಿಂತೆ.
ಕಿಂಡಿಯಲ್ಲಿ ಗಡಿಯಾರ. ಎಡಗಣ್ಣು ಮುಚ್ಚಿದೆ, ಕದಲಲಿಲ್ಲ.
ಬಲಗೈ, ಬಲಗಣ್ಣು, ನೂಲು ಹಿಡಿದ ಹಾಗೆ ಒಂದೇ ಗೆರೆ.
ಮೂವತ್ತು ವರ್ಷ ಈ ನೂಲಿನಿಂದಲೇ
ಊರಿನ ಮಕ್ಕಳನ್ನೆಲ್ಲ ಅಳೆದಿದ್ದೆ.
‘ಯಾರಿಗೆ ಕೈ ಮುಗೀತಿದ್ದೀರಿ?’ ಅಂದಳು ದಾಂಗುವೋಲೆ.

ಪವಾಡವೇನೂ ನಡೆಯಲಿಲ್ಲ.
ಬಲಗಾಲು ಅರ್ಧ ಹಲಗೆ ಮುಂದೆ, ಮೈ ಕೊಂಚ ಓರೆ,
ಚೆಂಡಿನಡಿಯಿಂದ ಎಡಗಣ್ಣಿಗೆ ಬಳೆ ಕಾಣುವಷ್ಟು ಜಾಗ.
ಮೂವತ್ತನಾಲ್ಕು. ಇಪ್ಪತ್ತೊಂಬತ್ತು. ನಲವತ್ತಮೂರು.
ರೋಕಿಶ್ಕಿಸ್ ಎದುರು ಕೊನೆಗಳಿಗೆಯ ಎರಡು ಎಸೆತದಲ್ಲಿ
ಮೊದಲನೆಯದು ಬಳೆ ಸುತ್ತಿ ಹೊರಬಿತ್ತು,
ಒಂದು ಅಂಕದಿಂದ ಸೋತೆವು.

ಬಸ್ಸಿನಲ್ಲಿ ಮೊದಲ ಸಲ ಕೇಳಿದೆ:
ಎಸೆಯುವಾಗ ಏನು ನೋಡ್ತೀಯ?
ರೈ ರೊಟ್ಟಿ ಅಗಿಯುತ್ತ ತುಂಬ ಹೊತ್ತು ಯೋಚಿಸಿದಳು.
‘ಹಿಂದಿನ ಕೊಕ್ಕೆ. ಎಡದಿಂದ ಮೂರನೆಯದು.
ನಮ್ಮಲ್ಲಿ ಅದರ ದಾರ ಕಿತ್ತಿದೆ, ಸಾರ್.
ಎರಡು ವರ್ಷದಿಂದ.’

ಮರುದಿನ ಏಣಿ ಹಾಕಿ ಹತ್ತಿ ನೋಡಿದೆ. ಕಿತ್ತಿತ್ತು.
ಉಣ್ಣೆಯ ಪಟ್ಟಿ ಈಗ ಬಟ್ಟೆ ಬದಲಿಸುವ ಕೋಣೆಯಲ್ಲಿ
ತೂತು ಬಿದ್ದ ಕೊಳವೆಗೆ ಸುತ್ತಿದೆ.
ಆದರೂ ತೊಟ್ಟಿಕ್ಕುತ್ತದೆ,
ಬಕೆಟ್ಟಿಗಿಂತ ಸ್ವಲ್ಪ ಎಡಕ್ಕೆ.